ದಿನಕ್ಕೆ ಅರವತ್ತು ಜನ

ಜೂನ್ 3, ಸೋಮವಾರ

ಮನೆಯೊಳಗೆ ಬಸ್ಸಿನ ಮಾತು ಎತ್ತಕೂಡದು ಎಂದು ಹೆಂಡತಿ ನಿನ್ನೆ ಖಡಾಖಂಡಿತವಾಗಿ ಹೇಳಿಬಿಟ್ಟಳು. ಇಪ್ಪತ್ತಾರು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಡಿಪೋ, ಡೀಸೆಲ್, ಡ್ಯೂಟಿ ಪಟ್ಟಿ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿದೆಯಂತೆ. ಆಗಲಿ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಒಂದು ಖಾಲಿ ನೋಟ್‌ಬುಕ್ ಸಿಕ್ಕಿತು. ಇನ್ನು ಮೇಲೆ ನನ್ನ ಸಂಕಟವನ್ನೆಲ್ಲ ಇದಕ್ಕೇ ಹೇಳುತ್ತೇನೆ. ಇದು ತಿರುಗಿ ಮಾತಾಡುವುದಿಲ್ಲ.

ಸಂಕಟ ಏನೆಂದರೆ, ಕಂಡಕ್ಟರಾದ ನನ್ನನ್ನು ಎಕ್ಸ್‌ಪ್ರೆಸ್ ಬಸ್ಸಿನಿಂದ ಕಿತ್ತು ಒಂದು ಮೂಲೆ ಹಳ್ಳಿಯ ಮಾರ್ಗಕ್ಕೆ ಹಾಕಿದ್ದಾರೆ. ತಪ್ಪೇನೂ ಮಾಡಿರಲಿಲ್ಲ. ಪಟ್ಟಿ ಬರೆಯುವ ದಿನ ಭಾವಮೈದುನನ ಮನೆಗೆ ಹೋಗಿದ್ದೆ, ಅಷ್ಟೆ. ಅಲ್ಲಿದ್ದವರೆಲ್ಲ ಒಲ್ಲೆ ಒಲ್ಲೆ ಎಂದರು. ಇಲ್ಲದವನ ಹೆಸರು ಬರೆದರು.

ಹಳ್ಳಿಗೆ ಇಲ್ಲಿಯವರೆಗೆ ಬಸ್ಸೇ ಇರಲಿಲ್ಲ. ಜನ ಏಳು ಕಿಲೋಮೀಟರ್ ನಡೆದು ಹೆದ್ದಾರಿಗೆ ಬಂದು, ಕೈ ಅಡ್ಡ ಹಿಡಿದು, ನಿಂತರೆ ಹತ್ತಬೇಕಿತ್ತು. ಈಗ ಮೂವತ್ತು ದಿನದ ಪ್ರಯೋಗ. ಬೆಳಿಗ್ಗೆ ಎಂಟಕ್ಕೆ ಹಳ್ಳಿಯಿಂದ ಪಟ್ಟಣಕ್ಕೆ, ಸಂಜೆ ನಾಲ್ಕೂವರೆಗೆ ಪಟ್ಟಣದಿಂದ ಹಳ್ಳಿಗೆ. ಹೋಗುವವರು ಬರುವವರು ಎಲ್ಲ ಸೇರಿ ದಿನಕ್ಕೆ ಸರಾಸರಿ ಅರವತ್ತು ಜನ ಆದರೆ ಬಸ್ಸು ಉಳಿಯುತ್ತದೆ. ಇಲ್ಲವಾದರೆ ರದ್ದು.

ಇವತ್ತು ಬೆಳಿಗ್ಗೆ ಒಂಬತ್ತು ಜನ ಹತ್ತಿದರು. ಅದರಲ್ಲಿ ಇಬ್ಬರು ಸೀಟು ಮೆತ್ತಗಿದೆಯಾ ಎಂದು ಕೂತು ನೋಡಿ ಇಳಿದು ಹೋದರು. ಸಂಜೆ ಅದೇ ಏಳು ಜನ ವಾಪಸ್ಸು. ಒಟ್ಟು ಹದಿನಾಲ್ಕು. ಈ ಲೆಕ್ಕದಲ್ಲಿ ತಿಂಗಳು ಮುಗಿಯುವಷ್ಟರಲ್ಲಿ ನಾನು ಎಕ್ಸ್‌ಪ್ರೆಸ್ಸಿನ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿರುತ್ತೇನೆ. ಮನಸ್ಸು ಹಗುರಾಯಿತು.

ಜೂನ್ 4, ಮಂಗಳವಾರ

ಹದಿನಾರು ಜನ. ಡ್ರೈವರ್ ಎರಡು ದಿನದಲ್ಲಿ ನನ್ನೊಡನೆ ಆಡಿದ ಮಾತು ಮೂರು: "ಹೂಂ", "ಉಹೂಂ", "ಗೇರ್ ಬಿಗಿ."

ಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಇದ್ದಾಳೆ. ಎಲ್ಲರೂ ಟೈಲರಕ್ಕ ಎನ್ನುತ್ತಾರೆ. ಕುತ್ತಿಗೆಯಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಬಸ್ಸಿನ ಬಾಗಿಲಲ್ಲಿ ನಿಂತು ಎಷ್ಟಾಯಿತು ಎಂದು ಕೇಳಿದಳು. ಹೇಳಿದೆ. ಎಷ್ಟಾಗಬೇಕು ಎಂದಳು. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ನನ್ನನ್ನು ಎದೆಯಳತೆ ತೆಗೆಯುವವಳ ಹಾಗೆ ನೋಡಿ, ನಾಲ್ಕು ಜನರನ್ನು ಹೆಚ್ಚಿಗೆ ಬರೆದುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದಳು.

ಇಪ್ಪತ್ತಾರು ವರ್ಷದಲ್ಲಿ ಒಂದು ತಲೆ ಹೆಚ್ಚು ಬರೆದವನಲ್ಲ, ಒಂದು ತಲೆ ಕಮ್ಮಿ ಬರೆದವನಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ಹಳ್ಳಿಯಲ್ಲಿರುವುದು ಇನ್ನೂರ ಮೂವತ್ತೆಂಟು ಜನ, ಹಾಸಿಗೆ ಹಿಡಿದವರು ಇಬ್ಬರು, ಕೈಕೂಸು ಐದು ಎಂದು ಬಸ್ಸಿನ ಮೈಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಹಾಕತೊಡಗಿದಳು. ಸರ್ಕಾರಿ ವಾಹನದ ಮೇಲೆ ಬರೆಯಬಾರದು ಎಂದೆ. ಸೆರಗಿನಿಂದ ಒರೆಸಿ ಹೊರಟುಹೋದಳು.

ಜೂನ್ 6, ಗುರುವಾರ

ಇದೆಂಥ ಜನ.

ಬೆಳಿಗ್ಗೆ ಬಸ್ಸು ನಿಂತಾಗ ಮೂವತ್ತು ಜನ ಸಾಲಾಗಿ ನಿಂತಿದ್ದರು. ಎಣಿಸಿ ಇಟ್ಟ ಹಾಗೆ ಮೂವತ್ತು. ಎಲ್ಲಿಗೆ ಎಂದರೆ ಪಟ್ಟಣಕ್ಕೆ. ಏನು ಕೆಲಸ ಎಂದರೆ ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಬಡಗಿಯೊಬ್ಬ ಬಾಯಿಬಿಟ್ಟ: "ಹೋಗಿ ಬರೋದೇ ಕೆಲಸ. ಇವತ್ತು ನಮ್ಮ ಸರದಿ."

ಟೈಲರಕ್ಕನ ಅಂಗಡಿಯ ಗೋಡೆಯ ಮೇಲೆ ತಿಂಗಳ ಪಟ್ಟಿ ಬರೆದಾಗಿದೆಯಂತೆ. ಪ್ರತಿಯೊಬ್ಬರೂ ಎಂಟು ದಿನಕ್ಕೊಮ್ಮೆ ಬಸ್ಸು ಹತ್ತಲೇಬೇಕು. ತಪ್ಪಿಸಿದವರ ಬಟ್ಟೆ ಹೊಲಿಯುವುದಿಲ್ಲ ಎಂದಿದ್ದಾಳಂತೆ. ಮಕ್ಕಳ ಶಾಲೆ ಬಟ್ಟೆ ಹೊಲಿಸುವ ಕಾಲ, ಯಾರು ಎದುರು ಮಾತಾಡುತ್ತಾರೆ.

ಪಟ್ಟಣದಲ್ಲಿ ಇಳಿದ ಮೂವತ್ತು ಜನವೂ ಬಸ್ ಸ್ಟ್ಯಾಂಡಿನ ಬೆಂಚುಗಳ ಮೇಲೆ ಕೂತುಬಿಟ್ಟರು. ಸಂಜೆ ನಾಲ್ಕೂವರೆಯವರೆಗೆ. ಒಬ್ಬಳು ಮೊರ ತಂದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಬಡಗಿ ಬೆಂಚಿನ ಅಲ್ಲಾಡುವ ಕಾಲು ನೋಡಲಾರದೆ ತಾನೇ ರಿಪೇರಿ ಮಾಡಿದ. ಮಧ್ಯಾಹ್ನ ಸ್ಟ್ಯಾಂಡಿನ ಕಂಟ್ರೋಲರ್ ನನ್ನನ್ನು ಕರೆದು, ನಿಮ್ಮ ಹಳ್ಳಿಯವರು ನನ್ನ ಬೆಂಚನ್ನೆಲ್ಲ ಹಿಡಿದುಕೊಂಡಿದ್ದಾರೆ, ಉಳಿದ ಪ್ರಯಾಣಿಕರು ಎಲ್ಲಿ ಕೂರಬೇಕು ಎಂದ. ಅದು ನನ್ನ ಹಳ್ಳಿಯಲ್ಲ ಎಂದೆ.

ಒಟ್ಟು ಅರವತ್ತು. ತಲೆ ಕೆಟ್ಟುಹೋಯಿತು.

ಜೂನ್ 9, ಭಾನುವಾರ

ಇವತ್ತು ಮೂಲೆಮನೆ ಅಜ್ಜಿಯ ಸರದಿ. ಹತ್ತೊಂಬತ್ತು ವರ್ಷದಿಂದ ಊರು ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ಮೊಮ್ಮಗಳು ಕೈ ಹಿಡಿದು ಹತ್ತಿಸಿದಳು. ಮೂರನೇ ತಿರುವಿನಲ್ಲೇ ಅಜ್ಜಿ ವಾಂತಿ ಮಾಡಿಕೊಂಡಳು. ನಾನು ಬಸ್ಸು ನಿಲ್ಲಿಸಿ ನೀರು ಕೊಟ್ಟೆ. ಐದು ನಿಮಿಷ ತಡ.

ಪಟ್ಟಣ ಬಂತು, ಎಲ್ಲರೂ ಇಳಿದರು, ಅಜ್ಜಿ ಮಾತ್ರ ಇಳಿಯಲೊಲ್ಲಳು. "ನಾನು ಬಸ್ಸಿಗೆ ಅಂತ ಬಂದವಳಪ್ಪ. ನಿಮ್ಮ ಪಟ್ಟಣ ನನಗ್ಯಾಕೆ?" ಎಂದಳು. ನಾನು ನಿಯಮ ಹೇಳಿದೆ. ಕೇಳಿಸಿಕೊಂಡು ಕಣ್ಣು ಮುಚ್ಚಿದಳು. ಸಂಜೆಯವರೆಗೂ ಡಿಪೋದ ನೆರಳಿನಲ್ಲಿ ಬಸ್ಸಿನೊಳಗೇ ಇದ್ದಳು. ಡ್ರೈವರ್ ಅವಳಿಗೆ ಚಹಾ ತಂದುಕೊಟ್ಟು ಎದುರು ಸೀಟಿನಲ್ಲಿ ಕೂತು ಮಾತಾಡುತ್ತಿದ್ದ. ಹೌದು, ಮಾತಾಡುತ್ತಿದ್ದ. ಎರಡು ಗಂಟೆ. ನಾನು ಹತ್ತಿರ ಹೋದ ತಕ್ಷಣ ನಿಲ್ಲಿಸಿದ.

ಜೂನ್ 12, ಬುಧವಾರ

ಇಂಥ ದಿನ ಶತ್ರುವಿಗೂ ಬೇಡ.

ಹಳ್ಳಿಯಲ್ಲಿ ಅಣ್ಣ ತಮ್ಮ ಇಬ್ಬರಿದ್ದಾರೆ. ಮನೆ ಪಾಲಾದ ಮೇಲೆ ನಡುವಿನ ಗೋಡೆಗೆ ಗಾರೆ ಯಾರು ಮಾಡಿಸಬೇಕು ಎಂಬ ಮಾತಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಗೋಡೆಗೂ ಗಾರೆಯಿಲ್ಲ. ಟೈಲರಕ್ಕ ಇಬ್ಬರನ್ನೂ ಒಂದೇ ದಿನದ ಪಟ್ಟಿಗೆ ಹಾಕಿದ್ದಾಳೆ. ಮರೆವೋ ಕಿತಾಪತಿಯೋ ದೇವರಿಗೇ ಗೊತ್ತು. ಯಾರೋ ಹಿಂದಿನ ಇಪ್ಪತ್ತೆರಡು ಸೀಟಿನ ತುಂಬ ಈರುಳ್ಳಿ ಮೂಟೆ ಪೇರಿಸಿದ್ದರಿಂದ ಉಳಿದದ್ದು ಒಂದೇ ಜೋಡಿ ಸೀಟು.

ಇಪ್ಪತ್ತನಾಲ್ಕು ಕಿಲೋಮೀಟರ್ ಪೂರ್ತಿ ನಾನು ಅವರಿಬ್ಬರ ನಡುವೆ ಟೆಲಿಫೋನ್ ಆಗಿದ್ದೆ. ಅಣ್ಣ ಕಿಟಕಿ ಮುಚ್ಚಲು ಹೇಳಿ ಎಂದು ನನಗೆ ಹೇಳುವುದು, ಪಕ್ಕದಲ್ಲೇ ಇರುವ ತಮ್ಮ, ಗಾಳಿ ಬೇಕು ಅನ್ನಿ ಎಂದು ನನಗೆ ಹೇಳುವುದು. ನಡುವೆ ಮೂರು ಸಲ ಟಿಕೆಟ್ ಹರಿಯಲು ಹೋಗಿದ್ದೆ. ಆಗೆಲ್ಲ ಇಬ್ಬರೂ ಜಗಳ ನಿಲ್ಲಿಸಿ ನಾನು ಬರುವವರೆಗೆ ಕಾದರು.

ಊಟದ ಹೊತ್ತಿಗೆ ಗಂಟಲು ಬಿದ್ದಿತ್ತು. ಹೆಂಡತಿ ಏನಾಯಿತು ಎಂದು ಕೇಳಿದಳು. ಬಸ್ಸಿನ ಮಾತು ಎತ್ತುವ ಹಾಗಿಲ್ಲವಲ್ಲ, ತಟ್ಟೆ ಮುಂದೆ ಸರಿಸಿ ಸಾರು ಹಾಕಿಸಿಕೊಂಡೆ.

ಜೂನ್ 13, ಗುರುವಾರ

ಐವತ್ತೆಂಟು.

ಜೂನ್ 17, ಸೋಮವಾರ

ವಿಚಿತ್ರ ಒಂದು ನೋಡಿದೆ. ಸ್ಟ್ಯಾಂಡಿನ ಬೆಂಚು ಅರ್ಧ ಖಾಲಿ. ನಮ್ಮವರು ಎಲ್ಲಿ ಎಂದು ಹುಡುಕಿದೆ. ಬಡಗಿ ಒಂದು ಮರದ ಅಂಗಡಿಯಲ್ಲಿ ದಿನಗೆಲಸಕ್ಕೆ ಸೇರಿಕೊಂಡಿದ್ದಾನೆ. ಸರದಿ ಇಲ್ಲದ ದಿನವೂ ಬರುತ್ತಾನಂತೆ. ಅಕ್ಕಿ ಆರಿಸುತ್ತಿದ್ದವಳು ಸ್ಟ್ಯಾಂಡಿನ ಹಿಂದಿನ ಸಂತೆಗೆ ತರಕಾರಿ ಬುಟ್ಟಿ ಇಟ್ಟಿದ್ದಾಳೆ. ಮೂರು ಹೆಣ್ಣುಮಕ್ಕಳು ಹೈಸ್ಕೂಲಿಗೆ ಅರ್ಜಿ ಕೊಟ್ಟು ಬಂದರು. ಮೂರು ವರ್ಷದಿಂದ ಹಲ್ಲುನೋವು ಇದ್ದವನೊಬ್ಬ, ಹೇಗೂ ಬಂದಿದ್ದೀನಲ್ಲ ಎಂದು ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿಕೊಂಡು ಕೂತಿದ್ದ.

ಬಸ್ಸಿನಲ್ಲಿ ಎಲ್ಲರೂ ಅವನ ಹಲ್ಲನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ನನಗೂ ಕೊಟ್ಟರು. ಬೇರು ಉದ್ದ ಇತ್ತು.

ಜೂನ್ 19, ಬುಧವಾರ

ಸರದಿಗೆ ಎರಡು ದಿನ ತಡವಾಗಿ ಅಜ್ಜಿ ಎರಡನೇ ಸಲ ಬಂದಳು. ಈ ಸಲ ವಾಂತಿ ಇಲ್ಲ. ಡ್ರೈವರ್ ತಾನಾಗಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದನಂತೆ, ಸಂಜೆ ಕನ್ನಡಕ ಹಾಕಿಕೊಂಡು ಹತ್ತಿದಳು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ದನಿ ಕೇಳಿ ಹುಡುಗ ಅಂದ್ಕೊಂಡಿದ್ದೆ. ನೀನೂ ಮುದುಕನೇ ಕಣಪ್ಪ," ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಇದರಲ್ಲಿ ನಗುವಂಥದ್ದು ಏನಿದೆ.

ಊಟ ಬಡಿಸುತ್ತ ಹೆಂಡತಿ, ಆ ಅಣ್ಣತಮ್ಮಂದಿರ ಸರದಿ ಮತ್ತೆ ಯಾವಾಗ ಎಂದು ಕೇಳಿದಳು. ನಾನು ಅವರ ವಿಷಯ ಬಾಯಿಬಿಟ್ಟೇ ಇಲ್ಲ. ಇವಳಿಗೆ ಹೇಗೆ ಗೊತ್ತಾಯಿತು? ಈ ನೋಟ್‌ಬುಕ್ಕನ್ನು ಯಾರ ಕೈಗೂ ಸಿಗಬಾರದು ಎಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ.

ಜೂನ್ 20, ಗುರುವಾರ

ಅಣ್ಣತಮ್ಮಂದಿರ ಸರದಿ. ಹತ್ತಿದ್ದೇ ತಡ ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಹಿಂದೆ ಕೆಲಸ ಇದೆ ಎಂದು ಹೇಳಿ ಕಡೆಯ ಸೀಟಿಗೆ ಹೋಗಿ ನಿಂತೆ. ಹೆದ್ದಾರಿ ಬರುವಷ್ಟರಲ್ಲಿ ತಡೆಯಲಾರದೆ ಇಬ್ಬರೂ ನೇರವಾಗಿ ಬೈದುಕೊಳ್ಳಲು ಶುರುಮಾಡಿದರು. ಹನ್ನೊಂದು ವರ್ಷದ ಬಾಕಿ ಬೈಗುಳ. ಪಟ್ಟಣ ಬಂದರೂ ಮುಗಿಯಲಿಲ್ಲ, ಬೈದುಕೊಳ್ಳುತ್ತಲೇ ಇಳಿದು, ಬೈದುಕೊಳ್ಳುತ್ತಲೇ ಚಹಾ ಅಂಗಡಿಗೆ ಹೋದರು. ಸಂಜೆ ಅಣ್ಣ ನಿದ್ದೆ ಹೋಗಿ ತಮ್ಮನ ಹೆಗಲ ಮೇಲೆ ತಲೆ ಹಾಕಿದ್ದ. ತಮ್ಮ ಕಿಟಕಿ ಮುಚ್ಚಿದ.

ಗೋಡೆಯ ವಿಷಯ ಏನಾಯಿತು ಎಂದು ಗೊತ್ತಾಗಲಿಲ್ಲ.

ಜೂನ್ 24, ಸೋಮವಾರ

ಇಪ್ಪತ್ತೆರಡು. ಕೇವಲ ಇಪ್ಪತ್ತೆರಡು.

ಮೊನ್ನೆ ಒಳ್ಳೆಯ ಮಳೆ ಬಿತ್ತಲ್ಲ, ಹಳ್ಳಿಗೆ ಹಳ್ಳಿಯೇ ಬಿತ್ತನೆಗೆ ಹೋಗಿದೆ. ಸರದಿ ಗಿರದಿ ಏನೂ ಇಲ್ಲ. ಬಿತ್ತನೆ ಇವತ್ತಲ್ಲದಿದ್ದರೆ ನಾಳೆ ಮಾಡಬಹುದು. ಬಸ್ಸು ಹೋದರೆ ಬರುತ್ತದೆಯೇ? ಈ ಜನಕ್ಕೆ ಯಾವುದಕ್ಕೆ ಬೆಲೆ ಕೊಡಬೇಕು ಎಂದು ತಿಳಿಯುವುದಿಲ್ಲ.

ಡ್ರೈವರಿಗೆ ಹೇಳಿ ಹೊಲದ ದಾರಿಯುದ್ದಕ್ಕೂ ಹತ್ತು ನಿಮಿಷ ಹಾರನ್ ಹೊಡೆಸಿದೆ. ಸಮಯಪಾಲನೆ ದೃಷ್ಟಿಯಿಂದ. ಒಬ್ಬ ಕೆಸರುಗಾಲಲ್ಲೇ ಓಡಿಬಂದ, ಏನಾಯಿತು ಯಾರು ಹೋದರು ಎಂದು. ಅವನನ್ನು ಹತ್ತಿಸಿಕೊಂಡೆ.

ಜೂನ್ 25, ಮಂಗಳವಾರ

ಇಪ್ಪತ್ತಾರು. ಟೈಲರಕ್ಕ ಅಂಗಡಿ ಮುಚ್ಚಿ ತಾನೇ ಬಂದಳು. ನಿನ್ನೆಯೂ ಬಂದಿದ್ದಳು. ಬಸ್ಸಿನಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ನನ್ನ ಅಂಗಿಯ ಮೂರನೇ ಗುಂಡಿ ಸಡಿಲವಾಗಿದೆ ಎಂದು ಕೇಳದೆಯೇ ಹೊಲಿದುಕೊಟ್ಟಳು. ಬಸ್ಸು ಕುಲುಕಿದಾಗ ಸೂಜಿ ಚುಚ್ಚಿತು. ಚುಚ್ಚಿದ್ದು ನನಗೆ.

ಜೂನ್ 28, ಶುಕ್ರವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ಇವತ್ತು ತಪಾಸಣೆಗೆ ಮೇಲಿನ ಸಾಹೇಬರು ಬರುವವರಿದ್ದರು. ನಾನೇ ನಿನ್ನೆ ಟೈಲರಕ್ಕನ ಕಿವಿಗೆ ಹಾಕಿದ್ದೆ, ಜನ ಕಮ್ಮಿಯಾಗದಂತೆ ನೋಡಿಕೊಳ್ಳಿ ಎಂದು. ಸಾಹೇಬರು ಬೆಳಿಗ್ಗೆ ಪಟ್ಟಣದಿಂದ ನಮ್ಮ ಬಸ್ಸಿನಲ್ಲೇ ಕೂತು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಕಪ್ಪು ಪುಸ್ತಕ.

ಹಳ್ಳಿ ಮುಟ್ಟಿದಾಗ ನೋಡುತ್ತೇನೆ, ಊರಿಗೆ ಊರೇ ಒಗೆದ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದೆ. ಮೇಜು, ಅದಕ್ಕೊಂದು ಹೂವಿನ ಬಟ್ಟೆ, ಎರಡು ಕುರ್ಚಿ. ಶಾಲೆಯ ಒಂಬತ್ತು ಮಕ್ಕಳು ಸ್ವಾಗತದ ಹಾಡು ಹಾಡಿದರು. ಸಾಹೇಬರು ಕೈಮುಗಿದರು, ಚಹಾ ಕುಡಿದರು, ಗಡಿಯಾರ ನೋಡಿಕೊಂಡು ಬಸ್ಸಿಗೆ ವಾಪಸ್ಸು ಬಂದು ಕೂತರು. ಎಂಟು ಗಂಟೆ. ಬಸ್ಸಿನೊಳಗೆ ನಾನು, ಡ್ರೈವರ್, ಸಾಹೇಬರು. ಹೊರಗೆ ಎರಡು ನೂರು ಜನ ಕೈಬೀಸುತ್ತ ನಿಂತಿದ್ದಾರೆ. ಬೀಳ್ಕೊಡುತ್ತಿದ್ದಾರೆ.

ಪ್ರಯಾಣಿಕರು ಯಾರೂ ಇಲ್ಲವೇ ಎಂದು ಸಾಹೇಬರು ಕೇಳಿ ಪೆನ್ನಿನ ಮುಚ್ಚಳ ತೆಗೆದರು.

ನನಗೆ ಏನಾಯಿತೋ ಗೊತ್ತಿಲ್ಲ. ಕೆಳಗೆ ಹಾರಿ, ನನ್ನ ಜನ್ಮದಲ್ಲಿ ಎತ್ತದ ದನಿ ಎತ್ತಿ, "ಏನ್ರೀ ನೋಡ್ತಾ ನಿಂತಿದೀರಾ, ಹತ್ರೀ ಎಲ್ಲಾ," ಎಂದು ಕೂಗಿದೆ. ಮೊದಲು ಎಚ್ಚೆತ್ತವಳು ಅಜ್ಜಿ. ಕನ್ನಡಕ ಸರಿಮಾಡಿಕೊಂಡು ಗಬಗಬ ನಡೆದು ಹತ್ತಿದಳು. ಆಮೇಲೆ ನೋಡಬೇಕು ನುಗ್ಗಾಟ. ಅಣ್ಣ ತಮ್ಮನನ್ನು ಕಿಟಕಿಯಿಂದ ಒಳಗೆ ತಳ್ಳಿದ. ಹಾಡಿನ ಮಕ್ಕಳೂ ಹತ್ತಿಬಿಟ್ಟರು, ಮೇಷ್ಟ್ರು ಕಿವಿ ಹಿಡಿದು ಇಳಿಸಿ ತಾವು ಹತ್ತಿದರು. ಚಹಾ ಲೋಟ ಹಿಡಿದವನು ಲೋಟದ ಸಮೇತ ಬಂದ. ಸಾಹೇಬರು ಈರುಳ್ಳಿ ಮೂಟೆಗೂ ಬಡಗಿಗೂ ನಡುವೆ ಒತ್ತಿಹೋಗಿ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡಿದ್ದರು.

ಎಪ್ಪತ್ತೊಂದು ಜನ. ನಾನು ಹೆಮ್ಮೆಯಿಂದ ಎರಡು ಸಲ ಎಣಿಸಿದೆ.

ಪಟ್ಟಣದಲ್ಲಿ ಇಳಿದು ಅಂಗಿ ಕೊಡವಿಕೊಂಡು ಸಾಹೇಬರು ಬರೆದದ್ದು ಇಷ್ಟು: ಸೀಟು ಐವತ್ತೆರಡು, ಜನ ಎಪ್ಪತ್ತೊಂದು, ನಿಯಮ ಮೀರಿ ಜನ ತುಂಬಿದ್ದಕ್ಕೆ ಕಂಡಕ್ಟರಿಗೆ ಮೆಮೊ.

ಇಪ್ಪತ್ತಾರು ವರ್ಷದಲ್ಲಿ ನನಗೆ ಇದು ಮೊದಲ ಮೆಮೊ. ಜನ ಸಾಲದು ಎಂದು ಮುಚ್ಚಲು ಹೊರಟ ಬಸ್ಸಿನಲ್ಲಿ ಜನ ಜಾಸ್ತಿಯಾದರು ಎಂದು ಮೆಮೊ. ಹೆಂಡತಿ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳಿಗೆ ನಾನೇ ಹೇಳಿದೆ, ಊಟದ ಮುಂದೆ. ಬೇಡ ಅನ್ನಲಿಲ್ಲ.

ಜುಲೈ 2, ಮಂಗಳವಾರ

ಪ್ರಯೋಗ ಮುಗಿಯಿತು. ಮೂವತ್ತು ದಿನಕ್ಕೆ ಆಗಬೇಕಿದ್ದದ್ದು ಸಾವಿರದ ಎಂಟುನೂರು. ಆಗಿರುವುದು ಸಾವಿರದ ಆರುನೂರ ಹದಿನಾಲ್ಕು. ಮೊದಲ ಮೂರು ದಿನ ಮತ್ತು ಬಿತ್ತನೆಯ ವಾರ ನುಂಗಿಹಾಕಿದವು. ಮೂರು ಸಲ ಕೂಡಿದೆ. ಹೆಚ್ಚಾಗಲಿಲ್ಲ.

ಸಂಜೆ ಹಳ್ಳಿಯಲ್ಲಿ ಹೇಳಿದೆ. ಟೈಲರಕ್ಕ ನಾಲ್ಕು ತಲೆ ಸೇರಿಸಿ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಏನು ಉತ್ತರ ಕೊಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳು ಕೇಳಲೇ ಇಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕೂತು ಬೇರೆ ಲೆಕ್ಕ ಹೇಳಿದಳು. ಅವಳು ಅಂಗಡಿ ಹಾಕಿದ ವರ್ಷ ಊರಲ್ಲಿ ನಾನೂರ ಹತ್ತು ಜನ. ಮಗು ಹೈಸ್ಕೂಲಿಗೆ ಬಂದ ಮನೆ ಪಟ್ಟಣಕ್ಕೆ, ಮೈಯಲ್ಲಿ ಹುಷಾರಿಲ್ಲದವರಿರುವ ಮನೆ ಪಟ್ಟಣಕ್ಕೆ. ವರ್ಷಕ್ಕೆ ಎರಡು ಮೂರು ಬೀಗ.

"ಜನ ಇಲ್ಲ ಅಂತ ಬಸ್ಸು ಕೊಡಲ್ಲ ಅಂತಾರೆ. ಬಸ್ಸಿಲ್ಲ ಅಂತಲೇ ಅಲ್ವಾ ಜನ ಹೋಗಿದ್ದು? ನೀವು ಸುಳ್ಳು ಬರೀಬೇಡಿ. ಇದನ್ನ ಬರೀಬಹುದಲ್ಲ."

ವರದಿಯ ನಮೂನೆಯಲ್ಲಿ ಕಡೆಗೆ ಷರಾ ಎಂದು ಒಂದು ಅಂಕಣ ಇದೆ. ಎರಡು ಬೆರಳಷ್ಟು ಜಾಗ. ಸಾಮಾನ್ಯವಾಗಿ "ಏನೂ ಇಲ್ಲ" ಎಂದು ಬರೆಯುವುದು ರೂಢಿ. ಇವತ್ತು ಎರಡು ವಾಕ್ಯ ಬರೆಯೋಣ ಎಂದು ಕೂತೆ. ಬಡಗಿಯ ವಿಷಯ ಬರೆದ ಮೇಲೆ ಹೈಸ್ಕೂಲಿನ ಹುಡುಗಿಯರನ್ನು ಬಿಡಲಾಗಲಿಲ್ಲ. ಅವರನ್ನು ಬರೆದ ಮೇಲೆ ಅಜ್ಜಿಯನ್ನು ಬಿಟ್ಟರೆ ಅನ್ಯಾಯ. ಹನ್ನೊಂದು ಹಾಳೆ ಆಯಿತು. ಹಲ್ಲಿನ ವಿಷಯ ಬೇಕೋ ಬೇಡವೋ ಎಂದು ಹೆಂಡತಿಯನ್ನು ಕೇಳಿದೆ. ಬೇಕು ಎಂದಳು.

ಜುಲೈ 5, ಶುಕ್ರವಾರ

ನಿನ್ನೆಯಿಂದ ಮತ್ತೆ ಎಕ್ಸ್‌ಪ್ರೆಸ್ಸು. ಮುಂದಿನ ಸೀಟು, ಉದ್ದ ದಾರಿ, ಯಾರ ಗೊಡವೆಯೂ ಇಲ್ಲ. ಹಾಯಾಗಿದೆ. ಒಬ್ಬ ಪ್ರಯಾಣಿಕನನ್ನು ಏನು ಕೆಲಸಕ್ಕೆ ಹೊರಟಿದ್ದೀರಿ ಎಂದು ಕೇಳಿದೆ. ನಿಮಗ್ಯಾಕ್ರೀ ಅದು ಎಂದ. ನಿಜ, ನನಗ್ಯಾಕೆ.

ಮಧ್ಯಾಹ್ನ ಡಿಪೋ ಮ್ಯಾನೇಜರ್ ಕರೆಸಿದರು. ನನ್ನ ಹನ್ನೊಂದು ಹಾಳೆ ಮೇಜಿನ ಮೇಲಿತ್ತು. ಇದು ವರದಿಯೋ ಕಾದಂಬರಿಯೋ ಎಂದು ಕೇಳಿದರು. ಷರಾ ಎಂದೆ. ನನ್ನ ಕೆಲಸ ತಲೆ ಎಣಿಸುವುದು, ತಲೆಯೊಳಗೆ ಏನಿದೆ ಎಂದು ಬರೆಯುವುದಲ್ಲ ಎಂದು ಬೈದರು. ಆಮೇಲೆ ಗುಮಾಸ್ತರನ್ನೂ ಮೆಕ್ಯಾನಿಕ್‌ಗಳನ್ನೂ ಕರೆದು ಅಣ್ಣತಮ್ಮಂದಿರ ಪುಟವನ್ನು ಜೋರಾಗಿ ಓದಿ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಗಿಸಲು ಬರೆದದ್ದಲ್ಲ.

ಆದರೂ ಹಾಳೆಗಳನ್ನು ಮಡಿಸದೆ ಲಕೋಟೆಗೆ ಹಾಕಿ ಮೇಲಕ್ಕೆ ಕಳಿಸಿದರು.

ಜುಲೈ 12, ಶುಕ್ರವಾರ

ಏನೂ ಸುದ್ದಿಯಿಲ್ಲ. ಎಕ್ಸ್‌ಪ್ರೆಸ್ಸು ಬೇಸರ ತರಿಸುವಷ್ಟು ಸಮಯಕ್ಕೆ ಸರಿಯಾಗಿ ಓಡುತ್ತದೆ. ಮುಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತದೆ. ಇಷ್ಟು ವರ್ಷ ಹೇಗೆ ಕೂತಿದ್ದೆನೋ.

ಜುಲೈ 18, ಗುರುವಾರ

ಆದೇಶ ಬಂತು. ಒಂದು ವರ್ಷಕ್ಕೆ ಬಸ್ಸು ಮುಂದುವರಿಸಬೇಕು. ಸರಾಸರಿ ಅರವತ್ತರ ಷರತ್ತು ಸದ್ಯಕ್ಕೆ ಇಲ್ಲ. ಕೆಳಗೆ ಇನ್ನೊಂದು ಸಾಲು: ಪ್ರಯಾಣಿಕರ ಪೂರ್ಣ ಪರಿಚಯವಿರುವ ಸದರಿ ಕಂಡಕ್ಟರನ್ನೇ ಮುಂದುವರಿಸತಕ್ಕದ್ದು. ಅದೇ ಲಕೋಟೆಯಲ್ಲಿ ಮೆಮೊಗೆ ಏಳು ದಿನದೊಳಗೆ ಉತ್ತರ ಕೊಡತಕ್ಕದ್ದು ಎಂದೂ ಇದೆ.

ನನ್ನನ್ನು ಒಂದು ಮಾತು ಕೇಳಬೇಡವೇ? ಬೆಳಗಿನ ಜಾವ ಏಳಬೇಕು, ಆ ಗುಂಡಿ ರಸ್ತೆ, ಆ ಮೂಟೆ, ಆ ಗಲಾಟೆ. ಅನ್ಯಾಯ ಎಂದರೆ ಇದೇ. ಸೋಮವಾರದಿಂದ ಶುರು. ಅಂಗಿ ಇಸ್ತ್ರಿ ಮಾಡಿಟ್ಟೆ. ಇನ್ನೂ ನಾಲ್ಕು ದಿನ ಇದೆ.

ಜುಲೈ 22, ಸೋಮವಾರ

ಬೆಳಿಗ್ಗೆ ಹಳ್ಳಿಯಿಂದ ಇಪ್ಪತ್ತಮೂರು ಜನ. ಒಬ್ಬರಿಗೂ ಸರದಿ ಇಲ್ಲ, ಎಲ್ಲರಿಗೂ ಅವರವರದೇ ಕೆಲಸ. ಕೇಳಿ ಕೇಳಿ ತಿಳಿದುಕೊಂಡೆ. ಹುಡುಗಿಯರು ಹೈಸ್ಕೂಲಿಗೆ. ಬಡಗಿ ಅಂಗಡಿಗೆ. ಅಜ್ಜಿಗೆ ಕನ್ನಡಕದ ಕಡ್ಡಿ ಬಿಗಿ ಮಾಡಿಸಬೇಕಂತೆ, ಡ್ರೈವರಿನ ಹಿಂದಿನ ಸೀಟನ್ನೇ ಹಿಡಿದಳು.

ಸಂಜೆ ಪಟ್ಟಣದಲ್ಲಿ ಬಸ್ಸಿನ ಹತ್ತಿರ ಒಂದು ಸಂಸಾರ ನಿಂತಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಜೊತೆಗೆ ಒಂದು ಮಂಚ, ಎರಡು ಟ್ರಂಕು, ಸುತ್ತಿದ ಹಾಸಿಗೆ. ಚಿಕ್ಕವಳು ಗೋಡೆ ಗಡಿಯಾರವನ್ನು ಎದೆಗೆ ಅವುಚಿಕೊಂಡಿದ್ದಳು. ದೊಡ್ಡವಳ ಓದಿಗೆಂದು ಮೂರು ವರ್ಷದ ಹಿಂದೆ ಊರಿನ ಮನೆಗೆ ಬೀಗ ಹಾಕಿ ಪಟ್ಟಣದ ಒಂದು ಕೋಣೆಗೆ ಬಂದಿದ್ದರಂತೆ. "ಇನ್ನು ಅಲ್ಲಿಂದಲೇ ಹೋಗಿ ಬರ್ತಾಳಲ್ಲ. ಬಸ್ಸು ನಿಲ್ಲಲ್ಲ ತಾನೇ?" ಎಂದು ಗಂಡ ಕೇಳಿದ. ನಿಲ್ಲುವುದಿಲ್ಲ ಎಂದೆ. ಹಾಗೆ ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ.

ಸಾಮಾನು ಮುಟ್ಟುವುದು ಕಂಡಕ್ಟರಿನ ಕೆಲಸವಲ್ಲ. ಆದರೆ ಹಳ್ಳಿಯಲ್ಲಿ ಮಂಚವನ್ನು ಬಸ್ಸಿನ ಮೇಲಿಂದ ಇಳಿಸುವಾಗ ಆ ಮನುಷ್ಯ ತಡವರಿಸಿದ, ಡ್ರೈವರ್ ಆ ಕಡೆ ಹಿಡಿದ, ನಾನು ಈ ಕಡೆ ಹಿಡಿದೆ. ಟೈಲರಕ್ಕ ಅಂಗಡಿಯಿಂದ ಹೊರಬಂದು ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ಇನ್ನೂರ ನಲವತ್ತೆರಡು," ಎಂದಳು. ಅಷ್ಟು ಹೇಳಿ ಬೇಗ ಒಳಗೆ ಹೋದಳು. ಹೊಲಿಗೆ ಯಂತ್ರದ ಸದ್ದು ಮಾತ್ರ ಎಷ್ಟು ಹೊತ್ತಾದರೂ ಕೇಳಿಸಲಿಲ್ಲ.

ಸೊಂಟ ಹಿಡಿದುಕೊಂಡಿದೆ. ಹೆಂಡತಿ ಎಣ್ಣೆ ತಿಕ್ಕುತ್ತ, ಮೂರು ವರ್ಷ ಬೀಗ ಹಾಕಿದ ಮನೆ ಅಲ್ವಾ, ಮಾಡು ಸೋರುತ್ತೋ ಏನೋ, ಕೇಳಿದಿರಾ ಎಂದಳು. ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೊರಗೆ ಮಳೆ ಬೇರೆ ಶುರುವಾಗಿದೆ. ಬೆಳಿಗ್ಗೆ ಹೋದ ತಕ್ಷಣ ಮೊದಲು ಅದನ್ನೇ ವಿಚಾರಿಸಬೇಕು.